ಹದಿನೈದು ನಿಮಿಷ, ಇಪ್ಪತ್ತು ಕಾಯಿನ್

'ಈ ಕಾರ್ಯವನ್ನು ಖಚಿತವಾಗಿ ಅಳಿಸುವಿರಾ?'

ಫೋನು ಇಷ್ಟು ಮರ್ಯಾದೆಯಿಂದ ಕೇಳಿದ್ದಕ್ಕೇ ಷಡಕ್ಷರಿಗೆ ಸಿಟ್ಟು ಬಂತು. ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಬಾಯಲ್ಲಿ ಬ್ರಷ್ ಕಚ್ಚಿಕೊಂಡು, ಕದಿಯಲು ಬಂದವನ ಹಾಗೆ ನಿಂತಿದ್ದ. ಅಳಿಸಬೇಕಾಗಿದ್ದುದು ಒಂದೇ ಸಾಲು: 'ಅಪ್ಪನ ಜೊತೆ ಕನ್ನಡ ಸಂಭಾಷಣೆ. ಹದಿನೈದು ನಿಮಿಷ. ಇಪ್ಪತ್ತು ಕಾಯಿನ್.' ಹೌದು ಎಂದು ಒತ್ತಿದ. ಸಾಲು ಮಾಯವಾಯಿತು. ಅದರ ಕೆಳಗಿದ್ದ 'ಕಸದ ಬುಟ್ಟಿ ಹೊರಗಿಡುವುದು' ಮೇಲೆ ಸರಿದು ಆ ಜಾಗದಲ್ಲಿ ಕೂತಿತು.

ಸರಿ, ಇನ್ನು ನೋಡೋಣ ಎಂದುಕೊಂಡ. ಏನನ್ನು ನೋಡುವುದು ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕಾಯಿನ್ ಇಲ್ಲದೆ ಮಗಳು ತನ್ನ ಹತ್ತಿರ ಬಂದು ಕೂರುತ್ತಾಳೋ ಇಲ್ಲವೋ.

ಆ ಆ್ಯಪು ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ತಂದವಳು ಹೆಂಡತಿ ಸರ್ವಮಂಗಳಾ. ಬ್ಯಾಂಕಿನಿಂದ ಸುಸ್ತಾಗಿ ಬಂದವಳು ಒಂದು ಸಂಜೆ ಸೋಫಾದ ಮೇಲೆ ಬಿದ್ದುಕೊಂಡು, "ಹೇಳೀ ಹೇಳೀ ನನ್ನ ಗಂಟಲು ಬಿದ್ದೋಯ್ತು ಕಣ್ರೀ, ಇನ್ಮೇಲೆ ಅದೇ ಹೇಳ್ಕೊಳ್ಳಲಿ" ಎಂದು ಹಾಕಿಕೊಂಡಿದ್ದಳು. ಹನ್ನೊಂದು ವರ್ಷದ ಲಾಸ್ಯ ಟಿಫನ್ ಡಬ್ಬಿ ತೊಳೆದರೆ ಐದು ಕಾಯಿನ್, ಬಟ್ಟೆ ಮಡಿಸಿದರೆ ಹತ್ತು. ಮಾಡಿದ ಕೆಲಸದ ಫೋಟೋ ತೆಗೆದು ಕಳಿಸಬೇಕು. ಅಪ್ಪನೋ ಅಮ್ಮನೋ ನೋಡಿ ಒಪ್ಪಿಗೆ ಒತ್ತಬೇಕು. ಕಾಯಿನ್ನಿಗೊಂದು ರೂಪಾಯಿಯಂತೆ ಭಾನುವಾರ ಪಾಕೆಟ್ ಮನಿ.

ಮನೆ ತಣ್ಣಗಾಗಿಬಿಟ್ಟಿತು. ಯಾರೂ ಯಾರಿಗೂ ಕೂಗುತ್ತಿರಲಿಲ್ಲ. ಸರಸ್ವತಿಪುರಂನ ಆ ಸಾಲಿನಲ್ಲಿ ಬೆಳಗಿನ ಹೊತ್ತು ಕೂಗಾಟವಿಲ್ಲದ ಮನೆ ತಮ್ಮದೊಂದೇ ಎಂದು ಷಡಕ್ಷರಿ ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡಿದ್ದ. ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುವವನು ಬೇರೇನು ಮಾಡಿಯಾನು?

ಸಂಭಾಷಣೆಯ ಸಾಲನ್ನು ಮಾತ್ರ ಎರಡು ತಿಂಗಳ ಹಿಂದೆ ಅವನೇ ಸೇರಿಸಿದ್ದ. ಬೆನ್ನೇರಿ ಕೂರುತ್ತಿದ್ದ ಹುಡುಗಿ ಈಗ 'ಹೂಂ', 'ಗೊತ್ತಿಲ್ಲ', 'ಆಮೇಲೆ' ಎಂಬ ಮೂರು ಮಾತಿಗೆ ಇಳಿದಿದ್ದಳು. ಇದು ಯಾಕೆ ಎಂದು ಹೆಂಡತಿ ಕೇಳಿದಾಗ, "ಇಂಗ್ಲಿಷ್ ಮೀಡಿಯಂ ನೋಡು, ಕನ್ನಡ ಹಾಳಾಗ್ತಿದೆ" ಎಂದ. ತನಗೆ ತಾನೂ ಅದನ್ನೇ ಹೇಳಿಕೊಂಡ. ನಂಬಿಯೂ ಬಿಟ್ಟ.

ಅಂದಿನಿಂದ ರಾತ್ರಿ ಏಳೂವರೆಗೆ ಸರಿಯಾಗಿ ಲಾಸ್ಯ ವರಾಂಡಕ್ಕೆ ಬರುತ್ತಿದ್ದಳು. ಬೆತ್ತದ ಕುರ್ಚಿಯಲ್ಲಿ ಕೂತ ಅಪ್ಪನ ಒಂದು ಫೋಟೋ ತೆಗೆಯುತ್ತಿದ್ದಳು. ಟೈಮರ್ ಹಾಕಿ ಎದುರಿನ ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದಳು. ಟೈಮರ್ ಹೊಡೆದರೆ ಎದ್ದು ಹೋಗುತ್ತಿದ್ದಳು, ಮಾತು ಎಲ್ಲಿಗೇ ಬಂದಿರಲಿ.

ಶುಕ್ರವಾರ ಹಾಗೇ ಆಯಿತು. ಶಾಲೆಯಲ್ಲಿ ರೀಡಿಂಗ್ ಡೈರಿ ಅಂತ ಒಂದು ಇದೆ. ದಿನಾ ಇಷ್ಟು ಪುಟ ಓದಿ ಮನೆಯವರ ಸೈನು ಹಾಕಿಸಿಕೊಂಡು ಹೋಗಬೇಕು. "ಸಮನ್ವಿತಾ ಅವಳಪ್ಪನ ಸೈನು ತಾನೇ ಹಾಕ್ಬುಟ್ಟಿದ್ಳು ಅಪ್ಪಾ. ಮಿಸ್ಸು ಕಂಡ್ಹಿಡಿದ್ಬುಟ್ರು."

"ಪಾಪ. ಅವಳಪ್ಪ ಎಂಥೋನಮ್ಮಾ! ಒಂದು ಸೈನ್ ಹಾಕೋಕೂ ಪುರುಸೊತ್ತಿಲ್ವಾ?"

ಲಾಸ್ಯ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಎಲ್ರ ಮುಂದೆ ನಿಲ್ಸಿದ್ರು. ಆಮೇಲೆ ಅವಳನ್ನ—"

ಟೈಮರ್ ಹೊಡೆಯಿತು.

ಆಮೇಲೆ ಏನಾಯಿತು ಎಂದು ಮೂರು ದಿನದಿಂದ ಅವನಿಗೆ ಗೊತ್ತಿಲ್ಲ. ಶನಿವಾರ ಅವಳು ಹೊಸ ವಿಷಯ ತಂದಿದ್ದಳು, ಭಾನುವಾರ ಇನ್ನೊಂದು. ಕೇಳಬಹುದಿತ್ತು. ಆದರೆ ಅವಳು ತಾನಾಗಿ ಹೇಳಲಿ ಎಂಬ ಆಸೆ. ಯಾರದೋ ಮನೆಯ ಹುಡುಗಿಯ ವಿಷಯ ತನ್ನನ್ನು ಇಷ್ಟೇಕೆ ಕೊರೆಯುತ್ತಿದೆ ಎಂಬುದೂ ಅವನಿಗೆ ತಿಳಿಯಲಿಲ್ಲ.

ಬಚ್ಚಲಿನಿಂದ ಹೊರಬಂದಾಗ ಲಾಸ್ಯ ಗೇಟು ತೆರೆದು ಒಳಗೆ ಬರುತ್ತಿದ್ದಳು. ಕೈಯಲ್ಲಿ ಎದುರು ಮನೆಯ ಮರದ ಬಿಲ್ವಪತ್ರೆ. ಸೋಮವಾರ, ಅಜ್ಜಿಯ ಲಿಂಗಪೂಜೆಗೆ. ಅವನಮ್ಮ ಗಿರಿಜಾಂಬಾ ಸೆರಗು ಒಡ್ಡಿ ಅದನ್ನು ಹಾಕಿಸಿಕೊಂಡಳು.

ಈ ಪತ್ರೆಗೂ ಅವನು ಹಿಂದೊಮ್ಮೆ ಐದು ಕಾಯಿನ್ ಇಟ್ಟಿದ್ದ. ಅಮ್ಮನಿಗೆ ಅದು ಗೊತ್ತಾದ ದಿನ ಪೂಜೆಗೇ ಕೂರಲಿಲ್ಲ. "ದುಡ್ಡಿಗೆ ತರೋ ಪತ್ರೆ ದೇವರಾಜ ಮಾರ್ಕೆಟ್ಟಲ್ಲೂ ಸಿಗುತ್ತೆ ಕಣಪ್ಪ. ಅದಕ್ಕೆ ನನ್ನ ಮೊಮ್ಮಗಳು ಯಾಕೆ?" ಅವನು ಆ ಸಾಲನ್ನು ತೆಗೆದುಹಾಕಿದ. ಪತ್ರೆ ನಿಂತುಹೋಗುತ್ತದೆ ಎಂದು ಒಳಗೊಳಗೇ ಕಾದ. ನಿಲ್ಲಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆಗ ಅವನಿಗೆ ಆದದ್ದು ಹೊಟ್ಟೆಕಿಚ್ಚು.

"ಪುಟ್ಟಾ, ಸ್ಕೂಲಿಗೆ ನಾನೇ ಬಿಡ್ಲಾ?" ಎಂದ.

"ವ್ಯಾನ್ ಬರುತ್ತಲ್ಲ ಅಪ್ಪಾ."

"ಹೌದಲ್ಲ."

ಕಾಲೇಜಿನಲ್ಲಿ ಅಂದು ಪ್ರೇರಣೆಯ ಪಾಠ. ಮನುಷ್ಯ ಯಾಕೆ ಕೆಲಸ ಮಾಡುತ್ತಾನೆ ಎಂಬುದನ್ನು ಹದಿನಾಲ್ಕು ವರ್ಷದಿಂದ ಹೇಳಿಕೊಡುತ್ತಿದ್ದಾನೆ. ಇವತ್ತು ಯಾಕೋ ಪುಸ್ತಕ ಮುಚ್ಚಿ ಬೇರೆ ಮಾತು ತೆಗೆದ. "ಏನೂ ಸಿಗಲ್ಲ ಅಂತ ಗೊತ್ತಿದ್ದೂ ನೀವು ಮಾಡೋ ಕೆಲಸ ಯಾವುದು? ಯೋಚಿಸಿ ಹೇಳಿ."

ಎರಡನೇ ಬೆಂಚಿನ ಯಶಸ್ ಕೈ ಎತ್ತಿದ. "ಸಾರ್, ಇದು ಇಂಟರ್ನಲ್ಸಿಗೆ ಬರುತ್ತಾ?"

"ಇಲ್ಲ."

ಅರವತ್ತು ಪೆನ್ನುಗಳು ಕೆಳಗಾದವು. ಅವನಿಗೆ ನಗು ಬಂತು. ನಕ್ಕು, ಪುಸ್ತಕ ತೆರೆದು, ಪುಟದ ನಂಬರು ಹೇಳಿದ.

ಮನೆಗೆ ಬಂದಾಗ ಆರು ಗಂಟೆ. ಹೆಂಡತಿ ಇನ್ನೂ ಬಂದಿರಲಿಲ್ಲ. ಏಳು ಗಂಟೆಗೇ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತ. ಸ್ಟೂಲನ್ನು ಎದುರಿಗೆ ಎಳೆದಿಟ್ಟ. ತೀರಾ ಹತ್ತಿರವಾಯಿತು ಅನಿಸಿ ಸ್ವಲ್ಪ ದೂರ ತಳ್ಳಿದ.

ಈ ಕುರ್ಚಿ ಅವನಪ್ಪ ರುದ್ರಸ್ವಾಮಿಯದು. ಆತ ಇದರಲ್ಲಿ ಕೂತರೆ ಷಡಕ್ಷರಿ ನೆಲದ ಮೇಲೆ ಕೂತು ಕಾಲು ಒತ್ತುತ್ತಿದ್ದ. ಒತ್ತು ಎಂದು ಅಪ್ಪ ಹೇಳಿದ್ದಿಲ್ಲ, ಸಾಕು ಎಂದೂ ಹೇಳಿದ್ದಿಲ್ಲ, ಮಾತೇ ಇರಲಿಲ್ಲ. ಅದನ್ನು ಪ್ರೀತಿಯೆಂದು ಇಷ್ಟು ವರ್ಷ ಎಲ್ಲರೆದುರೂ ಹೇಳಿಕೊಂಡು ಬಂದಿದ್ದ. ಹೆದರಿಕೆಯೂ ಇದ್ದಿರಬಹುದು. ಒಂದು ದಿನ ಒತ್ತದೆ ನೋಡಿದ್ದರೆ ಗೊತ್ತಾಗುತ್ತಿತ್ತು. ಆ ಧೈರ್ಯ ಅವನಿಗೆ ಬಂದಿರಲಿಲ್ಲ.

ಏಳೂವರೆ ಆಯಿತು. ಏಳೂ ನಲವತ್ತು. ಅಮ್ಮನ ಕೋಣೆಯಿಂದ ಲಾಸ್ಯಳ ಮಾತು ಕೇಳುತ್ತಿತ್ತು, ಒಂದೇ ಸಮನೆ, ಉಸಿರು ಬಿಡದೆ. ಎದ್ದು ಹೋದ. ಬಾಗಿಲು ಓರೆಯಾಗಿತ್ತು. ಅಜ್ಜಿ ಮಂಚದ ಮೇಲೆ, ಮೊಮ್ಮಗಳು ಅವಳ ಬೆನ್ನ ಹಿಂದೆ ಮಂಡಿಯೂರಿ ಬಿಳಿ ಕೂದಲಿಗೆ ಜಡೆ ಹಾಕುತ್ತಿದ್ದಳು.

"ಅಪ್ಪನ ಸೈನು ನಾನೇ ಹಾಕಿದ್ದು ಅಂತ ಗೊತ್ತಾಗ್ಬುಡ್ತು ಅಜ್ಜಿ. ಎಲ್ರ ಮುಂದೆ ನಿಲ್ಸಿದ್ರು. ನಿಮ್ಮನೇಲಿ ನಿನ್ನ ನೋಡ್ಕೊಳ್ಳೋರು ಯಾರೂ ಇಲ್ವಾ ಅಂದ್ರು."

"ನೀನೇನಂದೆ ಮಗಾ?"

"ನಮ್ಮಜ್ಜಿ ಇದಾಳೆ ಅಂದೆ. ಎಲ್ರೂ ನಕ್ಬುಟ್ರು."

"ನಗ್ಲಿ ಬುಡು. ನಿಮ್ಮಪ್ಪಂಗೆ ಹೇಳ್ದ್ಯಾ?"

"ಹೇಳ್ದೆ. ಸಮನ್ವಿತಾ ಅಂತ ಹೇಳ್ದೆ."

"ಅಯ್ಯೋ, ಅದ್ಯಾಕವ್ವಾ?"

"ಏನಾದ್ರೂ ಹೇಳ್ಬೇಕಿತ್ತಲ್ಲ ಅಜ್ಜಿ. ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು."

ಷಡಕ್ಷರಿ ಬಾಗಿಲಿಗೆ ಕೈ ಇಟ್ಟ. ಒಳಗೆ ಹೋಗಬೇಕು, ಹೋಗಿ ಅವಳನ್ನು ಎತ್ತಿಕೊಳ್ಳಬೇಕು ಎಂದು ಮೈಯೆಲ್ಲಾ ಹೇಳುತ್ತಿತ್ತು. ಹನ್ನೊಂದು ವರ್ಷದ ಹುಡುಗಿಯನ್ನು ಎತ್ತಿಕೊಳ್ಳುತ್ತಾರೆಯೇ? ಅದೂ ಗೊತ್ತಿರಲಿಲ್ಲ. ಬಾಗಿಲು ಕಿರುಗುಟ್ಟಿತು. ಇಬ್ಬರೂ ತಿರುಗಿದರು, ಮಾತು ನಿಂತಿತು.

"ಏನಪ್ಪಾ?" ಎಂದಳು ಅಮ್ಮ.

"ಏನಿಲ್ಲ. ಚಾರ್ಜರ್ ಹುಡುಕ್ತಿದ್ದೆ."

ಮತ್ತೆ ಬಂದು ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಲಾಸ್ಯ ಟ್ಯಾಬ್ ಹಿಡಿದು ವರಾಂಡದ ಬಾಗಿಲಲ್ಲಿ ನಿಂತಳು.

"ಅಪ್ಪಾ, ನಿಮ್ಮ ಟಾಸ್ಕು ಕಾಣಿಸ್ತಾನೇ ಇಲ್ಲ."

"ಹೌದಾ?"

"ಹಾಗಾದ್ರೆ ಇವತ್ತು ಬೇಡ್ವಾ?"

"ಸುಮ್ನೆ ಬಾ, ಕೂತ್ಕೋ."

"ಸುಮ್ನೆ ಅಂದ್ರೆ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು, ಗಣಿತದ ಲೆಕ್ಕ ಅರ್ಥವಾಗದಿದ್ದರೆ ಕೇಳುವ ಹಾಗೆ. ಅವನು ಬಾಯಿ ತೆರೆದ. ಹದಿನಾಲ್ಕು ವರ್ಷ ಪಾಠ ಮಾಡಿದ ಬಾಯಿ.

"ಹೋಮ್‌ವರ್ಕ್ ಇದೆ ಅಪ್ಪಾ" ಎಂದು ಅವಳು ಒಳಗೆ ಹೋದಳು.

ಬೀದಿಯಲ್ಲಿ ಟ್ಯುಟೋರಿಯಲ್ಲು ಬಿಟ್ಟ ಹುಡುಗರು ಗಲಾಟೆ ಮಾಡುತ್ತಾ ಹೋಗುತ್ತಿದ್ದರು. ಅವನು ಫೋನು ತೆಗೆದ. ತೆಗೆಯಬಾರದು ಅಂದುಕೊಳ್ಳುತ್ತಲೇ ತೆಗೆದ. 'ಹೊಸ ಕಾರ್ಯ ಸೇರಿಸಿ.' ಕನ್ನಡ ಸಂಭಾಷಣೆ. ಹದಿನೈದು ನಿಮಿಷ. ಇಪ್ಪತ್ತು ಎಂದು ಒತ್ತಿದ. ಅಳಿಸಿ ನಲವತ್ತು ಮಾಡಿದ.

ಒಳಗೆ ಟ್ಯಾಬ್ ಟಿಣ್ ಎಂದಿತು.

"ಅಪ್ಪಾ, ಬಂತು! ನಲವತ್ತು ಅಂತಿದೆ. ತಪ್ಪಾಗಿದ್ಯಾ?"

"ಇಲ್ಲ."

ಓಡಿ ಬಂದಳು. ಅವಳು ಓಡಿ ಬಂದದ್ದಕ್ಕೆ ಅವನಿಗೆ ಸಂತೋಷವೇ ಆಯಿತು, ಥೂ. "ಇಲ್ಲಿ ನೋಡಿ" ಎಂದು ಫೋಟೋ ತೆಗೆದು, ಟೈಮರ್ ಹಾಕಿ, ಸ್ಟೂಲಿನ ಮೇಲೆ ಕೂತಳು.

"ಏನ್ ಮಾತಾಡ್ಲಿ?"

ನನಗೆ ಗೊತ್ತು ಪುಟ್ಟಾ ಎನ್ನಬೇಕಿತ್ತು. "ಆ ಸಮನ್ವಿತಾ ವಿಷಯ ಏನಾಯ್ತು?" ಎಂದ.

ಲಾಸ್ಯ ಟೈಮರ್ ನೋಡಿದಳು. ಅವನನ್ನು ನೋಡಿದಳು. "ಅವಳಾ? ಮಾರನೇ ದಿನ ಅವಳಪ್ಪ ಸ್ಕೂಲಿಗೆ ಬಂದ್ರು ಅಪ್ಪಾ. ತಪ್ಪು ನಂದು, ಅವಳದ್ದಲ್ಲ ಅಂತ ಮಿಸ್ಸಿಗೆ ಹೇಳಿದ್ರು. ಎಲ್ರ ಮುಂದೆ. ಆಮೇಲೆ ಅವಳನ್ನ ಸ್ಕೂಟರಲ್ಲಿ ಕೂರಿಸ್ಕೊಂಡು ಹೋದ್ರು. ಐಸ್‌ಕ್ರೀಮ್ ಕೊಡ್ಸಿದ್ರು. ಬೆಟ್ಟಕ್ಕೂ ಕರ್ಕೊಂಡು ಹೋದ್ರಂತೆ, ಸ್ಕೂಲಿದ್ರೂನೂ."

"ಒಳ್ಳೇ ಅಪ್ಪ" ಎಂದ ಷಡಕ್ಷರಿ.

"ಹೂಂ. ತುಂಬಾ ಒಳ್ಳೇವ್ರು."

ಲಾಸ್ಯ ಮತ್ತೆ ಟೈಮರ್ ನೋಡಿದಳು. ತೊಡೆಯ ಮೇಲಿದ್ದ ಫೋನು ಬೆಳಗಿತು. 'ಒಪ್ಪಿಗೆಗಾಗಿ ಕಾಯುತ್ತಿರುವ ಕಾರ್ಯಗಳು.' ತೊಳೆದು ಬೋರಲು ಹಾಕಿದ ಟಿಫನ್ ಡಬ್ಬಿ. ಗೇಟಿನ ಹೊರಗೆ ಇಟ್ಟ ಕಸದ ಬುಟ್ಟಿ. ನಡುವೆ ಅವನು. ಹಿಂದೆ ಒಪ್ಪಿಗೆ ಒತ್ತಿದ್ದವುಗಳತ್ತ ಬೆರಳು ಸರಿಸಿದ. ನಿನ್ನೆ, ಮೊನ್ನೆ, ಅದರ ಹಿಂದಿನ ದಿನ, ಎರಡು ತಿಂಗಳ ತುಂಬ ಅದೇ ಕುರ್ಚಿ, ಏನೋ ಹೇಳಲು ಹೊರಟ ಹಾಗೆ ಅರೆ ತೆರೆದ ಅದೇ ಬಾಯಿ. ಮತ್ತು ಪ್ರತಿಯೊಂದರಲ್ಲೂ ಅವನೆದುರು ಖಾಲಿ ಸ್ಟೂಲು.

"ಇನ್ನೂ ಒಂಬತ್ತು ನಿಮಿಷ ಇದೆ ಅಪ್ಪಾ" ಎಂದಳು ಲಾಸ್ಯ. "ಏನಾದ್ರೂ ಕೇಳಿ."

'ಈ ಕಾರ್ಯ ತೃಪ್ತಿಕರವಾಗಿ ಮುಗಿದಿದೆಯೇ?' ಎಂದು ಫೋನು ಮರ್ಯಾದೆಯಿಂದ ಕೇಳುತ್ತಲೇ ಇತ್ತು.