ತಳಿಪುಸ್ತಕಕ್ಕೆ ಬೇಕಾದ ಹೆಸರು

ಲೆಮೆಂಟೀನ ತನ್ನ ಕುದುರೆ ಸೇಲರನನ್ನು ಈಡನ್ ಹೊಳೆಗಿಳಿಸಿ ಮೈ ತೊಳೆದಳು. ಕಪ್ಪು ಬಿಳಿ ಬಣ್ಣದ ಆ ಗಂಡುಕುದುರೆಯ ಗೊರಸು ಮುಚ್ಚುವಷ್ಟು ಇಳಿಬಿದ್ದ ಕಾಲುಗೂದಲಿಗೆ ಸೋಪು ಹಚ್ಚಿ ಬಾಚಿದಳು. ಫೆಬ್ರವರಿಯಲ್ಲಿ ಗಂಡ ತೀರಿಕೊಂಡು, ತಮ್ಮ ಅಲೆಮಾರಿ ಜನರ ಪದ್ಧತಿಯಂತೆ ಅವನ ವಾಸದ ಬಂಡಿಯನ್ನೂ ಬಟ್ಟೆಬರೆಯನ್ನೂ ಸುಟ್ಟ ಮೇಲೆ ಅವಳ ಮನಸ್ಸು ಮರಗಟ್ಟಿ ಹೋಗಿತ್ತು. ಅತ್ತಿರಲಿಲ್ಲ. ಕೈಕಾಲು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು.

ಇಂಗ್ಲೆಂಡಿನ ಆಪಲ್‌ಬಿಯಲ್ಲಿ ಕುದುರೆ ಜಾತ್ರೆ ನೆರೆದ ಗುಡ್ಡದ ಮೇಲೆ ಮೈದುನ ವೆಸ್ಟರ್ ಚಹಾಕ್ಕೆ ನೀರು ಕಾಯಿಸುತ್ತಿದ್ದ. ಕುದುರೆಗಳ ವಂಶಾವಳಿಯನ್ನು ತಳಿಪುಸ್ತಕದಲ್ಲಿ ಬರೆದಿಡುವ ಸಂಘದಿಂದ ಬಂದ ಹೀದರ್ ಎಂಬ ಹೆಂಗಸು ಪಕ್ಕದಲ್ಲಿ ಕಾದಿದ್ದಳು.

"ಏನತ್ತಿಗೆ, ಕುದುರೇನ ಮದುವಣಿಗ ಮಾಡ್ಕೊಂಡ್ ಬಂದ್ಯಾ?" ಎಂದ ವೆಸ್ಟರ್. ಅವಳು ನಗಲಿಲ್ಲ.

"ಇವನು ತಳಿಪುಸ್ತಕಕ್ಕೆ ಸೇರಿದ್ರೆ ಹಾಲೆಂಡಿನಿಂದ್ಲೂ ಜನ ಹುಡುಕ್ಕೊಂಡು ಬರ್ತಾರೆ. ಇವನ ತಾಯಿ ಯಾರು?" ಎಂದಳು ಹೀದರ್.

ಓದು ಬಾರದ ಲೆಮೆಂಟೀನ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಏಳು ತಲೆಮಾರಿನ ಹೆಣ್ಣುಕುದುರೆಗಳ ಹೆಸರು ಹೇಳಿದಳು. ಯಾವುದಕ್ಕೆ ಒಂದು ಕಣ್ಣು ನೀಲಿ, ಯಾವುದು ಕೆಸರಿನಲ್ಲಿ ಹೂತ ಬಂಡಿಯನ್ನು ಎಳೆದು ತಂದಿತು, ಎಲ್ಲ ಬಾಯಲ್ಲೇ ಇತ್ತು.

"ತಳಿ ಬೆಳೆಸಿದವರ ಹೆಸರು?"

ಲೆಮೆಂಟೀನ ಸೇಲರನ ಕುತ್ತಿಗೆಗೂದಲಿನ ಸಿಕ್ಕು ಬಿಡಿಸತೊಡಗಿದಳು. ಹೀದರ್ ಇನ್ನೊಮ್ಮೆ ಕೇಳಿದಳು.

"ತೀರಿಹೋದೋರ ಹೆಸರು ನಾವು ಎತ್ತಲ್ಲಮ್ಮ," ಎಂದ ವೆಸ್ಟರ್.

"ಹಾಗಾದ್ರೆ ಗೊತ್ತಿಲ್ಲ ಅಂತ ಬರೀಬೇಕಾಗುತ್ತೆ."

"ಗೊತ್ತಿಲ್ದೆ ಏನು? ಅಣ್ಣನ ಕುದುರೆ. ನನ್ನ ಹೆಸರು ಹಾಕು."

ಲೆಮೆಂಟೀನ ಅವನನ್ನು ನೋಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೆನಪು ಮಾತ್ರ ಬಂತು. ಸೇಲರನ ತಾಯಿಗೆ ಉದ್ದ ಕಾಲಿನ ಕೆಂಪು ಕುದುರೆಯನ್ನು ಕೂಡಿಸೋಣವೆಂದಿದ್ದ ಗಂಡ. ಬೇಡ, ಕಾಲ್ಗೂದಲೂ ಮೂಳೆಯ ದಪ್ಪವೂ ಹಾಳಾಗುತ್ತವೆ ಎಂದು ಹಟ ಹಿಡಿದು ತನ್ನಪ್ಪನ ಗಿಡ್ಡ ಗಂಡುಕುದುರೆಯ ಬಳಿಗೆ ಅದನ್ನು ಹೊಡೆದುಕೊಂಡು ಹೋದವಳು ಇವಳು. ಅವನು ಮೂರು ವಾರ ಮಾತು ಬಿಟ್ಟಿದ್ದ.

"ಇವನು ಹುಟ್ಟೋವಾಗ ಕಾಲು ಮಡಚ್ಕೊಂಡಿತ್ತು," ಎಂದಳು. "ಒಳಗೆ ಕೈ ಹಾಕಿ ಬಿಡಿಸ್ದೋರು ಯಾರು, ವೆಸ್ಟರ್?"

ವೆಸ್ಟರ್ ಬೆಂಕಿ ಕೆದಕಿದ. "ನೀನೇ," ಎಂದ ಕೊನೆಗೆ. "ಅಣ್ಣ ರಕ್ತ ಕಂಡ್ರೆ ಬೇಲಿ ಹಾರ್ತಿದ್ದ. ನಿಜ ಹೇಳ್ಬೇಕು."

"ನನ್ನ ಹೆಸರು ಬರಿ," ಎಂದಳು ಹೀದರ್‌ಗೆ.

ಹೀದರ್ ಬರೆದು ಓದಿ ಹೇಳಿದಳು. ಏನಾದರೂ ಅನಿಸೀತೇನೋ ಎಂದು ಲೆಮೆಂಟೀನ ಕಾದಳು. ಏನೂ ಅನಿಸಲಿಲ್ಲ. ಇಷ್ಟು ವರ್ಷ ಜನ ಕುದುರೆ ಚೆನ್ನಾಗಿದೆ ಎಂದು ಗಂಡನ ಬೆನ್ನು ತಟ್ಟುವಾಗ ಅವಳಿಗೆ ಬೇಜಾರೂ ಆಗಿರಲಿಲ್ಲ.

ಸೇಲರನಿಗೆ ಸಣ್ಣ ಗಾಡಿ ಕಟ್ಟಿ ಅವಳೇ ಲಗಾಮು ಹಿಡಿದಳು. ಸೇಲರ್ ದಾರಿಯುದ್ದಕ್ಕೂ ಕಾಲೆತ್ತಿ ಓಡಿದ. ಜನ ಎರಡೂ ಬದಿಗೆ ಸರಿದು ನಿಂತು ನೋಡಿದರು. ಕೆಳಗಿನ ತಿರುವಿನಲ್ಲಿ ಒಬ್ಬ ಮುದುಕ ಕೈ ಅಡ್ಡ ಹಿಡಿದ.

"ನನ್ನ ಹೆಣ್ಣುಕುದುರೇನ ಇವನ ಹತ್ರ ಕೂಡ್ಸೋಕೆ ಕರ್ಕೊಂಡ್ ಬರ್ಲಾ? ಯಾರನ್ನ ಕೇಳ್ಬೇಕು?"

"ನನ್ನನ್ನೇ," ಎಂದಳು. ದನಿ ಬೇರೆ ಯಾರದೋ ಎನ್ನುವ ಹಾಗಿತ್ತು. "ಮೊದ್ಲು ಅದರ ಕಾಲು ತೋರ್ಸು. ನೋಡ್ದೆ ನಾನು ಹೂಂ ಅನ್ನಲ್ಲ."