ಬೋರ್ಡಣ್ಣನ ಅಕ್ಷರ ಸಣ್ಣಗಾದಾಗ

ಅಂಗಡಿಗಳಿಗೆ ಹೆಸರು ಬರೆಯೋದೇ ಅವನ ಕಸುಬು. ಬೀದಿಯವರೆಲ್ಲ ಬೋರ್ಡಣ್ಣ ಅಂತಲೇ ಕರೀತಿದ್ರು. ಇತ್ತೀಚೆಗೆ ಅವನು ಬರೆದ ಬೋರ್ಡಲ್ಲಿ ಮೊದಲ ಅಕ್ಷರ ಆನೆಯಷ್ಟಿದ್ರೆ ಕೊನೇದು ಇರುವೆಯಷ್ಟು.

"ಏನಪ್ಪಾ, ನನ್ನ ಬೇಕರಿ ಬರ್ತಾ ಬರ್ತಾ ಬಡವಾಗ್ತಿದೆಯಲ್ಲ!" ಅಂತ ಬೇಕರಿಯವನು ನಕ್ಕ.

ಬೋರ್ಡಣ್ಣನಿಗೆ ನಗು ಬರಲಿಲ್ಲ. ಸುಮ್ಮನೆ ಕೂತಾಗ ಬಲಗೈ ಹೆಬ್ಬೆರಳು ತಾನಾಗೇ ನಡುಗ್ತಿತ್ತು. ಕಾರಣವಿಲ್ಲದೆ ಎದೆ ಡವಡವ. ಏಣಿ ಕಂಡ್ರೆ ಮೈಯೆಲ್ಲ ತಣ್ಣಗೆ.

ಮನೇಲಿ ಜೊತೆಗಿದ್ದ ಅವನ ಅಕ್ಕನದು ಒಂದೇ ಮಾತು. "ಇದೆಲ್ಲ ಅಂಜಿಕೆ ಕಣೋ. ಅಂಜಿದವನ ಮೇಲೆ ಕಪ್ಪೆ ಎಸೆದ್ರಂತೆ, ಹಾಗಾಯ್ತು ನಿನ್ನ ಕಥೆ. ಮನಸ್ಸು ಗಟ್ಟಿ ಮಾಡ್ಕೊಂಡು ಏಣಿ ಹತ್ತು."

ಹತ್ತಿದ. ಔಷಧಿ ಅಂಗಡಿಯ ಹೆಸರು ಬರೆದು ಇಳಿಯುವಾಗ ಅರ್ಧ ಏಣೀಲಿ ಕಾಲು ಅಂಟು ಹಾಕಿದ ಹಾಗೆ ನಿಂತುಬಿಡ್ತು. ಕೆಳಗೆ ಏಣಿ ಹಿಡಿದಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಇಳೀರಿ ಅಂದ್ರೆ!"

"ಆಗ್ತಿಲ್ವೇ. ಕಾಲು ಮಾತೇ ಕೇಳ್ತಿಲ್ಲ."

ಕೆಲಸ ಮುಗಿಸಿ ಬರ್ತಿದ್ದ ಪಕ್ಕದ ಮನೆ ನರ್ಸಮ್ಮ ನಿಂತು ನೋಡಿದಳು. "ಅವಸರ ಬೇಡ. ನಾನು ಚಪ್ಪಾಳೆ ತಟ್ತೀನಿ. ಒಂದು ಚಪ್ಪಾಳೆಗೆ ಒಂದು ಮೆಟ್ಟಿಲು, ಅಷ್ಟೇ."

ತಾಳಕ್ಕೆ ಒಂದೊಂದೇ ಕಾಲು ಕೆಳಗೆ ಬಂತು. ನೆಲ ಸಿಕ್ಕಿದ್ದೇ ಬೋರ್ಡಣ್ಣ ಅಲ್ಲೇ ಕೂತು ಅತ್ತುಬಿಟ್ಟ.

ಸಂಜೆ ನರ್ಸಮ್ಮ ಮನೆಗೆ ಬಂದು, ಡಾಕ್ಟರಿಗೆ ತೋರಿಸಿ ಅಂದಾಗ ಅಕ್ಕ ಹುಬ್ಬೇರಿಸಿದಳು. "ಭಯಕ್ಕೂ ಡಾಕ್ಟರಾ?"

"ಅಕ್ಕಾ, ಭಯ ಹುಟ್ಟೋದೂ ಮಿದುಳಲ್ಲೇ, ಕಾಲಿಗೆ ಅಪ್ಪಣೆ ಕೊಡೋದೂ ಮಿದುಳೇ. ಅಲ್ಲಿ ನರಕೋಶಗಳ ನಡುವೆ ಕಣ್ಣಿಗೆ ಕಾಣದ ಸಂದು ಇರುತ್ತೆ. ಒಂದು ಕೋಶ ರಾಸಾಯನಿಕ ಬಿಡುತ್ತೆ, ಆಚೆಯದು ಹಿಡ್ಕೊಳ್ಳುತ್ತೆ. ಸುದ್ದಿ ದಾಟೋದು ಹೀಗೆ. ಡೋಪಮೈನ್ ಅನ್ನೋ ರಾಸಾಯನಿಕ ಕಮ್ಮಿಯಾದ್ರೆ ಕೈ ನಡುಗಬಹುದು, ಹೆಜ್ಜೆ, ಅಕ್ಷರ ಎಲ್ಲ ಸಣ್ಣಗಾಗಬಹುದು, ಕಾಲು ನಿಂತಲ್ಲೇ ಅಂಟಿಕೊಳ್ಳಬಹುದು. ಭಯವನ್ನ ಹತೋಟೀಲಿಡೋ ನರಕೋಶಗಳ ಜಾಲವೂ ಏರುಪೇರಾಗಬಹುದು. ಭಯ ಹೆಚ್ಚಿದಷ್ಟೂ ನಡುಕ ಹೆಚ್ಚು. ನಡುಕಕ್ಕೆ ಬೇರೆ ಕಾರಣಗಳೂ ಇರ್ತವೆ, ಅದನ್ನ ಡಾಕ್ಟರೇ ನೋಡಿ ಹೇಳ್ಬೇಕು."

ಬೋರ್ಡಣ್ಣ ಮೆಲ್ಲಗೆ ಕೇಳಿದ. "ಹಾಗಾದ್ರೆ ನಾನು ಪುಕ್ಕಲ ಅಲ್ವಾ?"

"ಅಲ್ಲವೇ ಅಲ್ಲ."

ನರರೋಗದ ಡಾಕ್ಟರು ಪರೀಕ್ಷೆ ಮಾಡಿ, ಡೋಪಮೈನ್ ಕಮ್ಮಿಯಾಗಿ ಬರೋ ಪಾರ್ಕಿನ್ಸನ್ ಕಾಯಿಲೆ ಅಂದ್ರು. ಬೇರುಸಹಿತ ಹೋಗಲ್ಲ, ಆದರೆ ಹತೋಟೀಲಿಡಬಹುದು. ಮಾತ್ರೆ, ದಿನಾ ನಡಿಗೆ, ವ್ಯಾಯಾಮ, ಕಳವಳಕ್ಕೆ ಆಪ್ತಸಲಹೆ. ಏಣಿ ಮಾತ್ರ ಬೇಡ.

ಈಗ ಅವನು ಮನೆಯ ಮೇಜಿನ ಮೇಲೇ ಬೋರ್ಡು ಬರೀತಾನೆ. ತೂಗುಹಾಕೋದು ಹೆಂಡತಿ. ಕೆಲವು ದಿನ ಕೈ ಹದವಾಗಿರುತ್ತೆ, ಕೆಲವು ದಿನ ಮುನಿಸಿಕೊಳ್ಳುತ್ತೆ. ಒಂದಿನ ಅಕ್ಕ ಅವನ ಪಕ್ಕ ಬಂದು ಕೂತಳು.

"ನಾನೇ ನಿನ್ನ ಏಣಿ ಹತ್ತಿಸಿದ್ದು."

"ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಏಳು, ನಡೆಯೋ ಹೊತ್ತಾಯ್ತು." ಇಬ್ಬರೂ ಚಪ್ಪಲಿ ಮೆಟ್ಟಿ ಬೀದಿಗಿಳಿದರು.

ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಮನೇಲೂ ಯಾರಿಗಾದ್ರೂ ಕೈ ನಡುಗ್ತಿದ್ಯಾ? ನಡಿಗೆ ನಿಧಾನವಾಗಿದ್ಯಾ? ಕಾರಣವಿಲ್ಲದ ದಿಗಿಲು ಬಿಡ್ತಿಲ್ವಾ? "ಧೈರ್ಯ ತಗೋ" ಅಂತಷ್ಟೇ ಹೇಳಿ ಸುಮ್ಮನಾಗ್ಬೇಡಿ. ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಮಾತ್ರೆ ಕೊಟ್ರೆ, ಅವರನ್ನ ಕೇಳದೆ ನಿಲ್ಲಿಸ್ಬೇಡಿ. ಇವತ್ತೇ ನಿಮ್ಮ ಮನೆಯವರ ಪಕ್ಕ ಕೂತು, ಹೇಗಿದ್ದೀಯ ಅಂತ ಕೇಳಿ. ಉತ್ತರ ಬರೋ ತನಕ ಏಳಬೇಡಿ.