ಹಳ್ಳ ಮುಚ್ಚಲು ಬಂದ ಲಾರಿ

ಬೆಟ್ಟದ ಮೇಲೆ ನನ್ನ ನಾದಿನಿಯ ಮನೆಯ ಹಿಂದೆ, ಬಂಡೆಯ ಸಂದಿಯಿಂದ ಹುಟ್ಟುವ ಹಳ್ಳ ಅದು. ಅಲ್ಲಿ ಅದರ ನೀರನ್ನು ಬೊಗಸೆಯಲ್ಲೆತ್ತಿ ಕುಡಿಯಬಹುದು. ಇಳಿಯುತ್ತ ಇಳಿಯುತ್ತ ಶಾಲೆಯ ಬೇಲಿ ಬಳಸಿ, ಗಾಡಿ ತೊಳೆಯುವ ಶೆಡ್ಡಿನ ಸೋಪು ನೊರೆ ಹೊತ್ತು, ತರಕಾರಿ ಮಾರ್ಕೆಟ್ಟಿನ ಕೊಳೆತದ್ದನ್ನೆಲ್ಲ ಮಡಿಲಿಗೆ ತುಂಬಿಕೊಂಡು ನನ್ನ ಹೊಲಿಗೆ ಅಂಗಡಿಯ ಹಿಂಬಾಗಿಲಿಗೆ ಬರುವಷ್ಟರಲ್ಲಿ ಜನ ಮೂಗು ಮುಚ್ಚಿಕೊಂಡು ಅದನ್ನು ಮೋರಿ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ತನ್ನ ಮನೆಯ ಕಡೆಯಿಂದ ಬಂದದ್ದನ್ನು ಹಾಗೆಲ್ಲ ಕರೆದರೆ ನಾದಿನಿ ನನ್ನನ್ನು ಸುಮ್ಮನೆ ಬಿಟ್ಟಾಳೆಯೇ?

ಅಂಗಡಿಯ ಹಿಂದೆ ಕಸ ಕಟ್ಟಿಕೊಂಡು, ಮಳೆ ಬಂದಾಗಲೆಲ್ಲ ನೀರು ಒಳಗೆ ನುಗ್ಗುತ್ತಿತ್ತು. ಹೋದ ಸಲ ಒಬ್ಬ ಹುಡುಗಿಯ ಮದುವೆಯ ಬಟ್ಟೆಯೇ ಕೆಸರಾಯಿತು. "ಇನ್ನೊಂದು ಸಲ ಹೀಗಾದ್ರೆ ಅಂಗಡಿ ಮುಚ್ಚಿಬಿಡೋಣ" ಎಂದ ಗಂಡ. ಕೈಯಾರೆ ಕಟ್ಟಿದ ಅಂಗಡಿ. ಅದಿಲ್ಲದೆ ಮನೆಯಲ್ಲಿ ಕೂತರೆ ನಾನು ನಾನಾಗಿರುವುದಿಲ್ಲ. ನಗರಸಭೆಗೆ ಫೋನು ಮಾಡಿ ಕೂಗಾಡಿದೆ: "ನಮ್ಮ ಬೀದಿ ಹಳ್ಳ ಸರಿ ಮಾಡ್ಸಿ. ನಾವು ಬದುಕೋದು ಬೇಡ್ವಾ?"

ಮರುದಿನವೇ ಲಾರಿ ಬಂತು, ನಂಬಿದರೆ ನಂಬಿ. ಅದರ ತುಂಬ ಕಲ್ಲು, ಮಣ್ಣು. ಮೇಸ್ತ್ರಿ ಇಳಿದು ರಸ್ತೆಯುದ್ದಕ್ಕೂ ಏನೋ ಹುಡುಕಿ ವಾಪಸು ಬಂದ.

"ಹಳ್ಳ ಎಲ್ಲಮ್ಮ?"

ಹಿಂಬಾಗಿಲು ತೆರೆದು ತೋರಿಸಿದೆ. ಅವನು ಮೇಲಕ್ಕೆ ನೋಡಿದ, ಕೆಳಕ್ಕೆ ನೋಡಿದ, ತಲೆ ಕೆರೆದುಕೊಂಡ.

"ಇಷ್ಟುದ್ದಾನಾ? ಒಂದು ಲೋಡು ಯಾವ ಮೂಲೆಗೂ ಸಾಲಲ್ಲ."

"ಯಾತಕ್ಕೆ ಸಾಲಲ್ಲ?"

"ಮುಚ್ಚೋದಕ್ಕೆ."

ನಾನು ಹಳ್ಳ ಅಂದದ್ದಕ್ಕೆ ರಸ್ತೆಯಲ್ಲಿ ಗುಂಡಿ ಬಿದ್ದಿದೆ ಎಂದುಕೊಂಡು ತುಂಬಲು ಬಂದಿದ್ದಾರೆ, ಪುಣ್ಯಾತ್ಮರು.

"ಮೋರಿ ಅಂದಿದ್ರೆ ಬೇರೆಯವರು ಬರ್ತಿದ್ರು" ಎಂದ ಮೇಸ್ತ್ರಿ. ಯಾವಾಗ ಎಂದು ಕೇಳಿದೆ. ಅವನು ಆಕಾಶ ನೋಡಿದ.

ಅಷ್ಟರಲ್ಲಿ ನಾದಿನಿಯ ಫೋನು. "ಅತ್ತಿಗೆ, ಇಲ್ಲಿ ಜೋರು ಮಳೆ. ಸಾಮಾನೆಲ್ಲ ಮೇಲೆ ಎತ್ತಿಟ್ಕೊಳ್ಳಿ."

ನನ್ನ ಪಿತ್ತ ನೆತ್ತಿಗೇರಿತು. ಹೋಗಿ ಲಾರಿಯ ಮುಂದೆಯೇ ನಿಂತೆ. "ಕಲ್ಲು ತಂದಿದ್ದೀರಲ್ಲ, ದಂಡೆಗೆ ಹಾಕಿ. ಲಾರಿ ಖಾಲಿಯಾಗುತ್ತೆ, ಈ ಕಸ ತುಂಬಿ. ಬರಿಗೈಲಿ ಯಾಕೆ ಹೋಗ್ತೀರಾ?"

"ಅದು ನಮ್ಮ ಕೆಲಸ ಅಲ್ಲಮ್ಮ. ನಾವು ಮುಚ್ಚೋರು."

"ನೀವು ಈಗ ಹೋದ್ರೆ ಮುಚ್ಚೋದು ನನ್ನ ಅಂಗಡಿ."

ಅವನು ಪ್ಯಾಂಟು ಮಡಚಿಕೊಂಡು ಹಳ್ಳಕ್ಕಿಳಿದ. ಅವನ ಆಳುಗಳು ಗೊಣಗುತ್ತ ಹಿಂದೆ ಇಳಿದರು. ಗಂಡ ಸಲಿಕೆ ತಂದ. ಶೆಡ್ಡಿನವನು ಬಂದ, ಯಾವಾಗಲೂ ಮೂಗು ಮುರಿಯುವ ಪಕ್ಕದ ಮನೆಯಾಕೆಯೂ ಬಂದಳು. ಲಾರಿಯ ಕಲ್ಲೆಲ್ಲ ದಂಡೆಗೆ ಬಿತ್ತು. ಕೊಳೆತ ಚೀಲ, ಹರಿದ ಹಾಸಿಗೆ, ಚಕ್ರವಿಲ್ಲದ ಸೈಕಲ್ಲು ಮೇಲೆ ಬಂದವು. ಒಂದು ಇಡೀ ಸೋಫಾ ಸಿಕ್ಕಿತು. ಅದನ್ನು ಎಸೆದ ಮಹಾನುಭಾವ ಯಾರೆಂದು ಕೇಳಿದರೆ ಎಲ್ಲರೂ ಬೇರೆ ಕಡೆ ನೋಡಿದರು.

ಕತ್ತಲಾಗುವ ಮುನ್ನ ನೀರು ಬಂತು, ಕೆಂಪಗೆ, ಸದ್ದು ಮಾಡುತ್ತ. ಹೊಸ ದಂಡೆಗೆ ಬಡಿದು ಏರಿತು, ಏರಿ ಹಿಂಬಾಗಿಲ ಮೆಟ್ಟಿಲು ಮುಟ್ಟಿತು. ನಾನು ಗಂಡನ ತೋಳು ಗಟ್ಟಿಯಾಗಿ ಹಿಡಿದದ್ದು ನನಗೇ ತಿಳಿಯಲಿಲ್ಲ. ನೀರು ಮೆಟ್ಟಿಲ ಬಳಿ ಒಂದು ಸುತ್ತು ಸುತ್ತಿ, ತೆರವಾದ ಜಾಗದ ಕಡೆ ಹೊರಳಿತು. ಒಳಗೆ ನೆಲ ಒಣಗಿಯೇ ಇತ್ತು.

ಮತ್ತೆ ಫೋನು. "ಅತ್ತಿಗೆ, ನೀರು ಬಂತಾ?"

"ಬಂತು ಕಣೆ" ಎಂದೆ. "ಬಂತು, ಹೋಯ್ತು."